ಮೂಗು ಬಂತು, ಮನುಷ್ಯ ಬರಲಿಲ್ಲ

ಕೊಬ್ಬರಿಗಿಟುಕು ಕೇಳಿದ್ದು:

ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದವನು, ಇವತ್ತು ಬಾಯಿ ಬಿಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ವಯಸ್ಸು 43. ಮನೆ ತಿಪಟೂರು, ಕೆಲಸ ತುಮಕೂರು. ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತ. ಚಿತ್ರ ಬಿಡಿಸುವುದನ್ನು ಯಾರೂ ಕಲಿಸಿಲ್ಲ. ಹತ್ತನೇ ತರಗತಿಯಲ್ಲಿ ಹೃದಯದ ಚಿತ್ರಕ್ಕೆ ಪೂರ್ತಿ ಅಂಕ ಬಂದಿತ್ತು, ಪದವಿ ಪುರಸ್ಕಾರ ಎಲ್ಲ ಅದೇ. ಎರಡು ವರ್ಷದ ಹಿಂದೆ ಒಂದು ಸಂಜೆ ವಾಪಸು ಬರುವಾಗ ರೈಲಿನಲ್ಲಿ ಮೊಬೈಲ್ ಚಾರ್ಜು ಮುಗಿಯಿತು. ಗುಬ್ಬಿ ಸ್ಟೇಷನ್ ಬರುವಷ್ಟರಲ್ಲೇ ಬೇಜಾರು ಹತ್ತಿತು. ಎದುರು ಸೀಟಿನಲ್ಲಿ ಒಬ್ಬ ಯಜಮಾನರು ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದರು. ಜೇಬಿನಲ್ಲಿದ್ದ ಚಲನ್ ಹಿಂದೆ ಬಾಲ್‌ಪೆನ್ನಿನಲ್ಲಿ ಅವರನ್ನು ಬಿಡಿಸಿದೆ. ಬಾಣಸಂದ್ರ ಬಂದಾಗ ಮುಗಿಯಿತು. ಮನುಷ್ಯನಿಗಿಂತ ಮೀನಿನ ಹಾಗೆ ಕಾಣುತ್ತಿತ್ತು. ಆದರೆ ಅಷ್ಟು ಹೊತ್ತು ಎಲ್ಲಿ ಹೋಯಿತು ಅಂತಲೇ ಗೊತ್ತಾಗಲಿಲ್ಲ.

ಅಲ್ಲಿಂದ ಹುಚ್ಚು ಹಿಡಿಯಿತು. ಈಗ ಮೂರನೇ ಪುಸ್ತಕ ನಡೆಯುತ್ತಿದೆ. ಗೆರೆ ಇಲ್ಲದ ಲಾಂಗ್ ನೋಟ್‌ಬುಕ್. 2ಬಿ ಪೆನ್ಸಿಲ್, ಅದಕ್ಕಿಂತ ಮೆತ್ತಗಿನ, ಕಪ್ಪು ಗೆರೆಯ ಒಂದು 6ಬಿ, ಒಂದು ರಬ್ಬರ್. ರಬ್ಬರ್ ತಿಂಗಳಿಗೆ ಒಂದು ಮುಗಿಯುತ್ತದೆ. ಪೆನ್ಸಿಲ್‌ಗಿಂತ ಬೇಗ.

ತೊಂದರೆ ಎರಡು. ಮೊದಲನೆಯದು ಚಿಕ್ಕದು. ರೈಲಿನಲ್ಲಿ ಯಾರನ್ನು ಬಿಡಿಸಲು ಹೊರಟರೂ ಅರ್ಧದಲ್ಲಿ ತಲೆ ತಿರುಗಿಸುತ್ತಾರೆ, ಇಲ್ಲವೇ ಇಳಿದು ಹೋಗುತ್ತಾರೆ. ನನ್ನ ಪುಸ್ತಕದಲ್ಲಿ ಒಂದೇ ಕಿವಿ ಇರುವವರು, ಗದ್ದ ಇಲ್ಲದವರು ತುಂಬಿದ್ದಾರೆ. ಒಳ್ಳೆ ಹಾಳು ಹಂಪೆಯ ವಿಗ್ರಹಗಳ ಹಾಗೆ.

ಎರಡನೆಯದಕ್ಕೇ ಈ ಪತ್ರ. ಮೇ ತಿಂಗಳ ಕೊನೆಯಲ್ಲಿ ನಮ್ಮ ಸೂಪರಿಂಟೆಂಡೆಂಟ್ ನಿವೃತ್ತರಾದರು. ಒಳ್ಳೆಯ ಮನುಷ್ಯ. ನನಗೆ ಲೆಕ್ಕ ಬರೆಯುವುದು ಕಲಿಸಿದವರು. ಬೀಳ್ಕೊಡುಗೆಗೆ ಎಲ್ಲರೂ ಸೇರಿ ಶಾಲು, ಹಾರ, ಹಣ್ಣಿನ ಬುಟ್ಟಿ ಅಂತ ಮಾತಾಡುತ್ತಿದ್ದಾಗ ನಾನೇ ಬಾಯಿ ಹಾಕಿ, ಒಂದು ಕ್ಯಾರಿಕೇಚರ್, ಅಂದರೆ ಮುಖದ ವಿಶೇಷವನ್ನು ಹಿಗ್ಗಿಸಿ ಬಿಡಿಸುವ ತಮಾಷೆ ಚಿತ್ರ, ಮಾಡಿಕೊಡುತ್ತೇನೆ ಅಂದೆ. ಅವರಿಗೆ ಮೂಗು ದೊಡ್ಡದು. ಕಚೇರಿಯಲ್ಲಿ ಎಲ್ಲರಿಗೂ ಗೊತ್ತು, ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಸುಲಭ ಅಂದುಕೊಂಡೆ. ವಾಟ್ಸಾಪ್‌ನಲ್ಲಿ ಅವರು ಹಾಕಿಕೊಂಡಿದ್ದ ಸೆಲ್ಫಿ ಇಟ್ಟುಕೊಂಡು ಮೂರು ರಾತ್ರಿ ಕೂತೆ. ಮೂಗನ್ನು ಎರಡರಷ್ಟು ಮಾಡಿದೆ. ತಲೆ ದೊಡ್ಡದು, ಮೈ ಚಿಕ್ಕದು, ಕೈಯಲ್ಲಿ ಲೆಡ್ಜರ್. ಕನ್ನಡಕ, ಮೀಸೆ ಎಲ್ಲ ಇತ್ತು. 350 ರೂಪಾಯಿ ಕೊಟ್ಟು ಕಟ್ಟು ಹಾಕಿಸಿದೆ.

ಸಮಾರಂಭದಲ್ಲಿ ಬಿಚ್ಚಿ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಕ್ಕರು ಅಂತ ಹೇಳಲಾರೆ. ಅವರ ಮನೆಯವರು ಚಿತ್ರವನ್ನು ಹತ್ತಿರ ಹಿಡಿದು ನೋಡಿ, ಅಯ್ಯೋ, ಇದು ನಮ್ಮ ಮಾವನವರ ಹಾಗಿದೆಯಲ್ಲ ಅಂದುಬಿಟ್ಟರು. ಮಾವನವರು ತೀರಿಕೊಂಡು ಹನ್ನೆರಡು ವರ್ಷ ಆಗಿದೆಯಂತೆ. ಅವರನ್ನು ನಾನು ನೋಡಿಯೇ ಇಲ್ಲ.

ಸಾಹೇಬರು ದೊಡ್ಡ ಮನಸ್ಸಿನವರು, ಬೆನ್ನು ತಟ್ಟಿ ಬಾಳೆಹಣ್ಣು ಕೊಟ್ಟರು. ನಾನು ಅವತ್ತು ರೈಲಿನಲ್ಲಿ ಪುಸ್ತಕ ತೆಗೆಯಲಿಲ್ಲ. ಎಲ್ಲ ಭಾಗ ಸರಿ ಇದ್ದೂ ಮುಖ ಯಾಕೆ ಅವರದಾಗಲಿಲ್ಲ? ಇನ್ನೂ ಜಾಸ್ತಿ ಎಳೆಯಬೇಕಿತ್ತಾ, ಕಡಿಮೆ ಎಳೆಯಬೇಕಿತ್ತಾ? ಇದನ್ನು ಅಭ್ಯಾಸ ಮಾಡುವ ಕ್ರಮ ಏನಾದರೂ ಇದೆಯಾ, ಅಥವಾ ಹುಟ್ಟಿನಿಂದಲೇ ಬರಬೇಕಾ?

ಪಿಕ್ಸೆಲ್‌ಪುಟ್ಟ:

ಗುರುಗಳೇ, ಇದಕ್ಕೆಲ್ಲ ಇಷ್ಟು ಒದ್ದಾಟ ಯಾಕೆ? ಒಂದು ಟ್ಯಾಬ್ಲೆಟ್ ತಗೊಳ್ಳಿ. ಫೋಟೋ ಕೆಳಗಿನ ಲೇಯರ್‌ನಲ್ಲಿ, ಅಂದರೆ ಪದರದಲ್ಲಿ, ಇಟ್ಟು ಮೇಲೆ ಗೆರೆ ಎಳೆಯಿರಿ. ಆಮೇಲೆ ಲಿಕ್ವಿಫೈ ಅಂತ ಒಂದು ಟೂಲ್ ಇರುತ್ತದೆ. ಕಣ್ಣು ಹಿಗ್ಗಿಸಿ, ಗದ್ದ ಕುಗ್ಗಿಸಿ. ಅರ್ಧ ಗಂಟೆಯ ಕೆಲಸ. ನಾನು ಗೆಳೆಯರ ಹುಟ್ಟುಹಬ್ಬಕ್ಕೆಲ್ಲ ಹಾಗೇ ಮಾಡುವುದು. ಎಲ್ಲರೂ ಡಿಪಿ ಇಟ್ಟುಕೊಳ್ಳುತ್ತಾರೆ. ರಬ್ಬರ್ ಖರ್ಚೂ ಇಲ್ಲ.

ಬೆಳಗಿನಬಸ್ಸು:

ಪುಟ್ಟ ಅವರೇ, ಅವರು ಕೇಳಿದ್ದು ಡಿಪಿ ಮಾಡುವುದು ಹೇಗೆ ಅಂತ ಅಲ್ಲ.

ಗಿಟುಕು ಅವರ ಮೊದಲ ತೊಂದರೆಗೆ ನನಗೆ ಗೊತ್ತಿರುವುದು ಹೇಳುತ್ತೇನೆ. ನಾನೂ ಓಡಾಟದವಳೇ, ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸು. ಇಪ್ಪತ್ತು ಕಿಲೋಮೀಟರು, ಅಷ್ಟರಲ್ಲಿ ಏನು ಸಿಕ್ಕೀತು? ಅದಕ್ಕೆ ಮುಖದ ಗೋಜಿಗೆ ಹೋಗುವುದಿಲ್ಲ. ಕೈಗಳು. ಕಂಬಿ ಹಿಡಿದ ಕೈ, ಚೀಲದ ಮೇಲಿಟ್ಟ ಕೈ, ಟಿಕೆಟ್ ಮಡಚುವ ಕೈ. ಮೊಬೈಲ್ ನೋಡುವವರಂತೂ ದೇವರು ಕೊಟ್ಟ ಮಾಡೆಲ್‌ಗಳು. ಹತ್ತು ನಿಮಿಷ ಅಲ್ಲಾಡುವುದಿಲ್ಲ. ಕತ್ತು ಬಗ್ಗಿಸಿದ ಆ ಒಂದು ಗೆರೆ, ತಲೆಯ ಹಿಂಭಾಗದಿಂದ ಬೆನ್ನಿನ ತನಕ, ಅದನ್ನು ಒಂದೇ ಉಸಿರಿಗೆ ಎಳೆಯಲು ಕಲಿತರೆ ಅರ್ಧ ಮನುಷ್ಯ ಬಂದ ಹಾಗೆ.

ಇನ್ನೊಂದು. ಹೆಂಗಸರನ್ನು ಬಿಡಿಸುವಾಗ ದಯವಿಟ್ಟು ಯೋಚನೆ ಮಾಡಿ. ನಿಮಗೆ ಅದು ಬೆಳಕು ನೆರಳು. ಎದುರು ಕೂತವಳಿಗೆ ಒಬ್ಬ ಗಂಡಸು ಹತ್ತು ಸಲ ತಲೆ ಎತ್ತಿ ನೋಡುತ್ತಿದ್ದಾನೆ, ಅಷ್ಟೇ ಗೊತ್ತಾಗುವುದು. ನನಗೂ ಒಮ್ಮೆ ಹಾಗಾಗಿ ನಿಲ್ದಾಣಕ್ಕೆ ಮೊದಲೇ ಇಳಿದಿದ್ದೇನೆ. ಯಾರಾದರೂ ಗಮನಿಸಿದರೆ ಪುಸ್ತಕ ಮುಚ್ಚಿಡಬೇಡಿ, ತಿರುಗಿಸಿ ತೋರಿಸಿ. ಬೇಡ ಅಂದರೆ ಆ ಹಾಳೆ ಅಲ್ಲಿಗೆ ಬಿಡಿ. ಒಪ್ಪಿಗೆ ಇಲ್ಲದೆ ಇನ್‌ಸ್ಟಾಗ್ರಾಮ್‌ಗೆ ಹಾಕುವುದಂತೂ ಬೇಡವೇ ಬೇಡ.

ಐದುನಿಮಿಷ:

ನಾನು ಹತ್ತು ವರ್ಷದಿಂದ ಮದುವೆ ಆರತಕ್ಷತೆಗಳಲ್ಲಿ, ಮೇಳಗಳಲ್ಲಿ ಕೂತು ಸ್ಥಳದಲ್ಲೇ ಕ್ಯಾರಿಕೇಚರ್ ಮಾಡುತ್ತೇನೆ. ತಲೆಗೆ ಐದು ನಿಮಿಷ. ಬೆಂಗಳೂರಿನ ಚಿತ್ರಸಂತೆಗೂ ಹೋಗುತ್ತೇನೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರಗಳಿಂದ ತುಂಬಿರುತ್ತದಲ್ಲ, ಅಲ್ಲಿ ಫುಟ್‌ಪಾತಿನ ಮೇಲೆ ಒಂದು ಮಡಚುವ ಸ್ಟೂಲು ಹಾಕಿಕೊಂಡು ಕೂತರೆ ಸಂಜೆಯ ಹೊತ್ತಿಗೆ ಬೆರಳು ಮಡಚಲು ಬರುವುದಿಲ್ಲ. ಹಾಗಾಗಿ ನಿಮ್ಮ ಪತ್ರ ಓದಿ ನಗು ಬಂತು, ಆಮೇಲೆ ಅಯ್ಯೋ ಅನಿಸಿತು.

ಮೊದಲು ಒಳ್ಳೆಯ ಸುದ್ದಿ. ಆ ತಾಯಿ ನಿಮ್ಮನ್ನು ಬೈದಿಲ್ಲ. ನೀವು ನೋಡಿಯೇ ಇಲ್ಲದ ಮನುಷ್ಯನನ್ನು ಬಿಡಿಸಿದ್ದೀರಿ ಅಂದರೆ ನಿಮ್ಮ ಕಣ್ಣು ಕೆಟ್ಟಿಲ್ಲ. ಮೂಗು ಆ ಮನೆತನದ್ದು. ಅಪ್ಪನಿಗೂ ಇತ್ತು, ಅಜ್ಜನಿಗೂ ಇದ್ದಿರಬೇಕು. ನೀವು ಮನೆತನವನ್ನು ಹಿಡಿದಿರಿ, ಆಸಾಮಿಯನ್ನು ಬಿಟ್ಟಿರಿ. ಆ ಮೂಗಿನ ಸುತ್ತ ಇವರಿಗೊಬ್ಬರಿಗೇ ಇರುವುದು ಏನು, ಅದು ನಿಮ್ಮ ಚಿತ್ರದಲ್ಲಿ ಬಂದಿಲ್ಲ.

ಈಗ ಕೆಟ್ಟ ಸುದ್ದಿ. ಸೆಲ್ಫಿ ನೋಡಿ ಬಿಡಿಸಿದಿರಿ. ಕೈ ಚಾಚಿದಷ್ಟು ದೂರದಿಂದ ತೆಗೆದ ಫೋಟೋದಲ್ಲಿ ಕ್ಯಾಮೆರಾಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ಮೂಗು. ಅದು ಉಬ್ಬುತ್ತದೆ. ಹಿಂದಿರುವ ಕಿವಿ ಕುಗ್ಗುತ್ತದೆ, ಕೆಲವರಿಗೆ ಕೆನ್ನೆಯ ಹಿಂದೆ ಅಡಗಿಯೇ ಹೋಗುತ್ತದೆ. ಅಂದರೆ ಫೋನು ಆಗಲೇ ಒಂದು ಸಲ ಕ್ಯಾರಿಕೇಚರ್ ಮಾಡಿಬಿಟ್ಟಿತ್ತು. ಅದರ ಮೇಲೆ ನೀವು ಇನ್ನೊಂದು ಸಲ ಮಾಡಿದಿರಿ. ಫೋಟೋ ಬೇಕೇ ಬೇಕು ಅಂದರೆ ಆರೇಳು ಅಡಿ ದೂರ ನಿಂತು ಸ್ವಲ್ಪ ಝೂಮ್ ಮಾಡಿ ತೆಗೆಯಿರಿ. ನೇರ ಒಂದು, ಮುಕ್ಕಾಲು ತಿರುಗಿದ್ದು ಒಂದು, ಪಕ್ಕದಿಂದ ಒಂದು. ಮಾತಾಡುವಾಗ ತೆಗೆದರೆ ಇನ್ನೂ ಒಳ್ಳೆಯದು. ಕ್ಯಾಮೆರಾ ನೋಡಿದ ತಕ್ಷಣ ನಮ್ಮ ಜನ ಪಾಸ್‌ಪೋರ್ಟ್ ಮುಖ ಮಾಡುತ್ತಾರೆ.

ಇನ್ನು ನನ್ನ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಕುರ್ಚಿಯಲ್ಲಿ ಯಾರಾದರೂ ಕೂತ ಕೂಡಲೇ ಪೆನ್ನು ಮುಟ್ಟುವುದಿಲ್ಲ. ಹತ್ತು ಸೆಕೆಂಡು ಸುಮ್ನೆ ನೋಡುತ್ತೇನೆ. ಊಟ ಆಯ್ತಾ, ಹೆಣ್ಣಿನ ಕಡೆಯವರಾ ಗಂಡಿನ ಕಡೆಯವರಾ ಅಂತ ಮಾತಾಡಿಸುತ್ತೇನೆ. ಆಗ ಮುಖ ಸಡಿಲ ಆಗುತ್ತದೆ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಚಿಕ್ಕಪುಟ್ಟದ್ದೆಲ್ಲ ಅಳಿಸಿ ಹೋಗಿ ತಲೆಯ ಆಕಾರ ಒಂದೇ ಉಳಿಯುತ್ತದೆ. ಆ ಆಕಾರಕ್ಕೆ ಒಂದು ಹೆಸರು ಕೊಡುತ್ತೇನೆ, ಮನಸ್ಸಿನಲ್ಲೇ. ಬದನೆಕಾಯಿ. ಸೋರೆಕಾಯಿ. ಹಲಸಿನ ಬೀಜ. ಇಟ್ಟಿಗೆ. ಮೊರ. ಹೆಸರು ಸಿಕ್ಕರೆ ಕೆಲಸ ಅರ್ಧ ಮುಗಿದ ಹಾಗೆ. ನೀವು ತಿಪಟೂರಿನವರು, ಬರೀ ಕಾಯಿಯಲ್ಲೇ ಎಷ್ಟು ಬಗೆ ನೋಡಿರುತ್ತೀರಿ!

ಆಮೇಲೆ ಕಣ್ಣು ಮತ್ತು ಮೂಗು ಸೇರಿ ಆಗುವ ಆಕಾರ. ಎರಡು ಕಣ್ಣಿನ ಅಡ್ಡಗೆರೆ, ಮೂಗಿನ ಉದ್ದಗೆರೆ. ಇಂಗ್ಲಿಷಿನ ಟಿ ಅಕ್ಷರ ಇದ್ದ ಹಾಗೆ. ಈ ಟಿ ಕೆಲವರಲ್ಲಿ ಅಗಲ, ಗಿಡ್ಡ. ಕೆಲವರಲ್ಲಿ ಕಣ್ಣು ಹತ್ತಿರ ಹತ್ತಿರ, ಕೋಲು ಉದ್ದ. ನೀವು ಹಿಗ್ಗಿಸಬೇಕಾದದ್ದು ಇದನ್ನು. ಒಂದು ಅಂಗವನ್ನು ಹಿಡಿದು ಎಳೆದರೆ ಮುಖಕ್ಕೆ ಮೂಗು ಅಂಟಿಸಿದ ಹಾಗಿರುತ್ತದೆ. ಅಂಗ ಅಂಗಗಳ ನಡುವಿನ ದೂರವನ್ನು ಎಳೆದರೆ ಮುಖವೇ ಎಳೆಯುತ್ತದೆ. ಒಂದು ಕಡೆ ಹಿಗ್ಗಿಸಿದರೆ ಇನ್ನೊಂದು ಕಡೆ ಕುಗ್ಗಬೇಕು. ಮೂಗಿನ ಕೆಳಗೆ ಜಾಗ ಜಾಸ್ತಿ ಕೊಟ್ಟರೆ ಹಣೆಯಿಂದ ಕಿತ್ತುಕೊಳ್ಳಿ. ನೀವು ಲೆಕ್ಕದವರಲ್ವಾ, ಜಮಾ ಖರ್ಚು ತಾಳೆ ಆಗಬೇಕು.

ಸಾಮಾನ್ಯ ಮುಖ ಹೇಗಿರುತ್ತದೆ ಅಂತ ಕೈಗೆ ಗೊತ್ತಿರದಿದ್ದರೆ ಇದು ಯಾವುದೂ ಬರುವುದಿಲ್ಲ. ನೆತ್ತಿಯಿಂದ ಗದ್ದದ ತನಕ ಅಳೆದರೆ ಕಣ್ಣು ಸುಮಾರು ಅರ್ಧದಲ್ಲಿ ಇರುತ್ತದೆ. ಹೊಸಬರೆಲ್ಲ ಅದನ್ನು ಮೇಲೆ ತಳ್ಳುತ್ತಾರೆ, ಹಣೆ ಕಾಣೆ ಆಗುತ್ತದೆ. ನಿಮ್ಮ ಮೊದಲ ಎರಡು ಪುಸ್ತಕ ತೆಗೆದು ನೋಡಿ, ಎಲ್ಲರ ತಲೆಯೂ ಮೇಲೆ ಚಪ್ಪಟೆ ಇದ್ದರೆ ಅದೇ ಕಾರಣ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ. ಈ ಅಳತೆ ಗೊತ್ತಿದ್ದರೆ, ಎದುರಿನ ಮುಖ ಎಲ್ಲಿ ಅಳತೆ ತಪ್ಪಿದೆ ಅಂತ ಕಾಣುತ್ತದೆ. ತಪ್ಪಿದ ಜಾಗವೇ ಆ ಮನುಷ್ಯ. ಎಲ್ಲ ಅಳತೆಗೂ ಸರಿಯಾಗಿ ಕೂರುವ ಚೆಂದದ ಮುಖದವರು ಬಂದರೆ ನನಗೆ ಇವತ್ತಿಗೂ ಬೆವರು.

ರಬ್ಬರ್ ಮನೆಯಲ್ಲಿ ಬಿಟ್ಟು ಹೋಗಿ. ಬಾಲ್‌ಪೆನ್ನಿನಲ್ಲೇ ಶುರು ಮಾಡಿದಿರಿ, ಯಾಕೆ ಬಿಟ್ಟಿರೋ! ಹಗುರವಾಗಿ ಒತ್ತಿದರೆ ಬೂದಿ ಬಣ್ಣದ ಗೆರೆ, ಗಟ್ಟಿ ಒತ್ತಿದರೆ ಕಪ್ಪು. ರೈಲು ಅಲುಗಿದರೂ ಹಾಳೆ ಕೊಳೆ ಆಗುವುದಿಲ್ಲ. 6ಬಿ ರೈಲಿನಲ್ಲಿ ಬಳಸಿದರೆ ಚಿತ್ರಕ್ಕಿಂತ ಜಾಸ್ತಿ ಕಪ್ಪು ಅಂಗೈಯಲ್ಲಿ ಇರುತ್ತದೆ. ಗೆರೆ ತಪ್ಪಿದರೆ ತಪ್ಪಿದ್ದು ಅಲ್ಲೇ ಇರಲಿ, ಪಕ್ಕದಲ್ಲಿ ಸರಿಯಾದದ್ದು ಎಳೆಯಿರಿ. ನೋಡುವವರ ಕಣ್ಣು ಸರಿಯಾದದ್ದನ್ನೇ ಆರಿಸಿಕೊಳ್ಳುತ್ತದೆ.

ಒಂದು ಮಾತು, ಇದು ನನ್ನ ತಪ್ಪಿನಿಂದ ಕಲಿತದ್ದು. ಶುರುವಿನ ವರ್ಷ ಒಂದು ಆರತಕ್ಷತೆಯಲ್ಲಿ ಹದಿನೈದು ಹದಿನಾರು ವರ್ಷದ ಹುಡುಗಿ ಬಂದು ಕೂತಳು. ಮುಂದಿನ ಹಲ್ಲುಗಳ ನಡುವೆ ಸಂದು ಇತ್ತು. ನನಗೆ ಖುಷಿ, ಹಿಡಿಯಲು ಏನೋ ಸಿಕ್ಕಿತಲ್ಲ ಅಂತ. ಸಂದಿನಲ್ಲಿ ಒಂದು ಲಾಡು ತೂರಿಸಿದೆ. ಸುತ್ತ ನಿಂತ ಅಣ್ಣತಮ್ಮಂದಿರು ಹೋ ಅಂತ ನಕ್ಕರು. ಹುಡುಗಿ ಹಾಳೆ ಮಡಚಿಕೊಂಡು ಎದ್ದು ಹೋದಳು. ಆ ರಾತ್ರಿ ಅವಳು ಊಟದ ಸಾಲಿನಲ್ಲಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡುತ್ತಿದ್ದಳು. ಅವತ್ತಿನಿಂದ ಕೂತವರನ್ನು ಮೊದಲೇ ಕೇಳುತ್ತೇನೆ, ನಿಮ್ಮ ಮುಖದಲ್ಲಿ ನಿಮಗೆ ಇಷ್ಟ ಯಾವುದು ಅಂತ. ಅವರು ಹೇಳಿದ್ದನ್ನು ಬಿಡಿಸುತ್ತೇನೋ ಇಲ್ಲವೋ ಬೇರೆ ವಿಷಯ. ಹೇಳುವಾಗ ಕೈ ಯಾವುದನ್ನು ಮುಚ್ಚಿಕೊಳ್ಳುತ್ತದೆ ಅಂತ ನೋಡುತ್ತೇನೆ. ಅದನ್ನು ಮುಟ್ಟುವುದಿಲ್ಲ.

ಈಗ ನಿಮಗೆ ಒಂದು ಮನೆಗೆಲಸ. ಸೆಲ್ಫಿ ಬದಿಗಿಡಿ. ಕಣ್ಣು ಮುಚ್ಚಿಕೊಂಡು ನಿಮ್ಮ ಸಾಹೇಬರನ್ನು ನೆನೆಸಿಕೊಳ್ಳಿ. ಮೂಗು, ಮೀಸೆ, ಕನ್ನಡಕ ಮೂರನ್ನೂ ಬಿಟ್ಟು ಅವರ ಬಗ್ಗೆ ಮೂರು ವಿಷಯ ಇಲ್ಲಿ ಬರೆಯಿರಿ.

ಕೊಬ್ಬರಿಗಿಟುಕು:

ಮೇಡಂ, ಹಳೆ ಪುಸ್ತಕ ತೆಗೆದು ನೋಡಿದೆ. ಎಲ್ಲರ ತಲೆಯೂ ಚಪ್ಪಟೆ! ಒಬ್ಬೊಬ್ಬರ ಮೇಲೂ ಬಿಂದಿಗೆ ಇಡಬಹುದು.

ಮನೆಗೆಲಸ ಸುಲಭ ಅಂದುಕೊಂಡಿದ್ದೆ. ಹದಿನಾಲ್ಕು ವರ್ಷ ಅವರ ಎದುರಿನ ಮೇಜಿನಲ್ಲಿ ಕೂತವನಿಗೆ ಒಂದು ಗಂಟೆ ಏನೂ ಹೊಳೆಯಲಿಲ್ಲ. ಬರೀ ಮೂಗೇ ಬರುತ್ತಿತ್ತು. ಆಮೇಲೆ ನಿಧಾನಕ್ಕೆ ಬಂತು. ಒಂದು, ಫೈಲು ನೋಡುವಾಗ ತಲೆ ಎಡಕ್ಕೆ ವಾಲಿಸುತ್ತಾರೆ, ಗೋಡೆ ಮೇಲಿನ ಸೊಟ್ಟ ಕ್ಯಾಲೆಂಡರ್ ಹಾಗೆ. ಎರಡು, ಮೂಗಿಗೂ ಮೇಲ್ತುಟಿಗೂ ನಡುವೆ ಜಾಗ ತುಂಬಾ ಜಾಸ್ತಿ, ಮೀಸೆ ಆ ಜಾಗದ ಕೆಳ ಅರ್ಧದಲ್ಲಿ ಮಾತ್ರ ಇದೆ. ಮೂರು, ತಪ್ಪು ಕಂಡರೆ ಬೈಯುವುದಿಲ್ಲ. ಎಡ ಹುಬ್ಬು ಒಂದನ್ನು ಮೇಲೆತ್ತಿ ಸುಮ್ಮನೆ ನೋಡುತ್ತಾರೆ. ಇಡೀ ವಿಭಾಗ ಆ ಹುಬ್ಬಿಗೆ ಹೆದರುತ್ತಿತ್ತು.

ನನ್ನ ಚಿತ್ರದಲ್ಲಿ ತಲೆ ನೆಟ್ಟಗಿದೆ, ಹುಬ್ಬು ಎರಡೂ ಒಂದೇ ಎತ್ತರ, ಮೀಸೆ ಮೂಗಿಗೆ ಅಂಟಿಕೊಂಡಿದೆ.

ಹಳೇಕೊರವಂಜಿ:

ಮಾತು ಚೆನ್ನಾಗಿ ನಡೆದಿದೆ, ಮಧ್ಯೆ ಬಂದೆ. ನನಗೆ ಗೆರೆ ಎಳೆಯಲು ಬರುವುದಿಲ್ಲ, ನೋಡುವ ಚಟ ಮಾತ್ರ. ಮನೆಯಲ್ಲಿ ಒಂದು ಟ್ರಂಕು ಹಳೆ ಪತ್ರಿಕೆಗಳಿವೆ, ಮನೆಯವಳ ಶಾಪದ ಜೊತೆ.

ಹುಟ್ಟಿನಿಂದ ಬರಬೇಕಾ ಅಂತ ಕೇಳಿದಿರಲ್ಲ. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ನಮ್ಮ ಮೈಸೂರಿನವರು, 1921ರಲ್ಲಿ ಹುಟ್ಟಿದವರು. ಮುಂಬೈನ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ ಸೀಟು ಕೊಡಲಿಲ್ಲ, ಚಿತ್ರಗಳಲ್ಲಿ ಅಂಥ ಪ್ರತಿಭೆ ಕಾಣುತ್ತಿಲ್ಲ ಅಂತ ಉತ್ತರ ಬಂತು. ಅವರು ಮಹಾರಾಜಾ ಕಾಲೇಜಿಗೆ ಸೇರಿದರು. ಓದುತ್ತಲೇ ರಾಶಿಯವರ ಕೊರವಂಜಿಗೆ ಚಿತ್ರ ಬರೆದುಕೊಟ್ಟರು. ಕೊರವಂಜಿ ಶುರುವಾದದ್ದು 1942ರಲ್ಲಿ. ರಾಶಿ ಅಂದರೆ ಡಾಕ್ಟರ್ ಎಂ. ಶಿವರಾಂ, ರೋಗಿಗಳನ್ನು ನೋಡುತ್ತಾ ಹಾಸ್ಯಪತ್ರಿಕೆ ನಡೆಸಿದವರು. ಹುಟ್ಟಿನಿಂದ ಬಂತೋ, ಕೂತು ಬಂತೋ, ನೀವೇ ಹೇಳಿ.

ಲಕ್ಷ್ಮಣ್ ಅವರಿಗೆ ಕಾಗೆ ಅಂದರೆ ಪ್ರಾಣ. ಜೀವನವಿಡೀ ಬಿಡಿಸಿದರು. ನಿಮ್ಮ ಮೊದಲ ತೊಂದರೆಗೆ ಅಲ್ಲೇ ಮದ್ದಿದೆ ಅಂತ ನನ್ನ ಊಹೆ. ತಿಪಟೂರು ಸ್ಟೇಷನ್ನಿನಲ್ಲಿ ಕಾಗೆಗೇನು ಬರವೇ? ಕಾಗೆಯನ್ನು ಗಮನಿಸಿ. ಕುಪ್ಪಳಿಸುತ್ತದೆ, ಕತ್ತು ತಿರುಗಿಸುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಭಂಗಿಗೆ ಬರುತ್ತದೆ. ಮನುಷ್ಯರೂ ಹಾಗೇ. ಕಲಾವಿದ ಗೆಳೆಯನೊಬ್ಬ ಒಂದೇ ಹಾಳೆಯಲ್ಲಿ ನಾಲ್ಕು ಕಾಗೆ ಶುರು ಮಾಡುತ್ತಿದ್ದ. ತಿರುಗಿದರೆ ಎರಡನೆಯದಕ್ಕೆ ಹೋಗುವುದು, ಹಳೆ ಭಂಗಿಗೆ ಬಂದರೆ ಮೊದಲನೆಯದಕ್ಕೆ ವಾಪಸು. ಒಂದು ಮುಗಿಯುತ್ತಿತ್ತು, ಮೂರು ಉಳಿಯುತ್ತಿದ್ದವು. ಉಳಿದ ಮೂರೇ ನನಗೆ ಇಷ್ಟ ಆಗುತ್ತಿದ್ದವು, ಅದು ಬೇರೆ ಮಾತು.

ಎಷ್ಟು ಎಳೆಯಬೇಕು ಅನ್ನುವುದಕ್ಕೆ ಒಂದು ಹಳೆ ಕಥೆ. 1831ರಲ್ಲಿ ಪ್ಯಾರಿಸ್‌ನಲ್ಲಿ ಶಾರ್ಲ್ ಫಿಲಿಪೋನ್ ಅನ್ನುವ ಪತ್ರಿಕೆಯವನ ಮೇಲೆ ಕೇಸು ಬಿತ್ತು, ದೊರೆ ಲೂಯಿ ಫಿಲಿಪ್‌ನನ್ನು ಅವಮಾನ ಮಾಡಿದ ಅಂತ. ಕೋರ್ಟಿನಲ್ಲಿ ಅವನು ನಾಲ್ಕು ಚಿತ್ರ ತೋರಿಸಿದ. ಮೊದಲನೆಯದು ದೊರೆಯ ಮುಖವೇ. ಎರಡನೆಯದರಲ್ಲಿ ಕೆನ್ನೆ ಸ್ವಲ್ಪ ಜೋತಿದೆ. ಮೂರನೆಯದರಲ್ಲಿ ಇನ್ನಷ್ಟು. ನಾಲ್ಕನೆಯದು ಬರೀ ಪೇರ್ ಹಣ್ಣು. ಯಾವುದರಿಂದ ಅಪರಾಧ ಶುರು, ಹಣ್ಣಿಗೂ ಶಿಕ್ಷೆ ಕೊಡುತ್ತೀರಾ ಅಂತ ಕೇಳಿದ. ಶಿಕ್ಷೆ ತಪ್ಪಲಿಲ್ಲ. ಊರ ಗೋಡೆಗಳ ಮೇಲೆಲ್ಲ ಹುಡುಗರು ಪೇರ್ ಹಣ್ಣು ಬರೆಯತೊಡಗಿದರು.

ನೀವೂ ಹಾಗೆ ಮಾಡಿ ನೋಡಿ. ಒಂದೇ ಹಾಳೆಯಲ್ಲಿ ನಾಲ್ಕು ಮುಖ. ಮೊದಲನೆಯದು ಇದ್ದ ಹಾಗೆ. ಒಂದೊಂದು ಹೆಜ್ಜೆಗೂ ಸ್ವಲ್ಪ ಸ್ವಲ್ಪ ಜಾಸ್ತಿ. ಬೇರೆಯವರಿಗೆ ತೋರಿಸಿ ಯಾವುದು ಅವರು ಅಂತ ಕೇಳಿ. ನನಗೇನೋ ಎರಡಕ್ಕೂ ಮೂರಕ್ಕೂ ನಡುವೆ ಬೀಳುತ್ತದೆ ಅನಿಸುತ್ತದೆ.

ಬೆಂಗಳೂರಿಗೆ ಬಂದಾಗ ಎಂ.ಜಿ. ರಸ್ತೆ ಹತ್ತಿರ ಮಿಡ್‌ಫೋರ್ಡ್ ಹೌಸ್‌ನಲ್ಲಿ ಕಾರ್ಟೂನ್ ಗ್ಯಾಲರಿ ಇದೆ, ಹೋಗಿ ಬನ್ನಿ. ಅಚ್ಚಿನಲ್ಲಿ ನುಣ್ಣಗೆ ಕಾಣುವ ಗೆರೆ ಮೂಲ ಹಾಳೆಯಲ್ಲಿ ಎಷ್ಟು ಕಡೆ ಕೆರೆದಿರುತ್ತದೆ, ಬಿಳಿ ಬಣ್ಣ ಹಚ್ಚಿ ತಿದ್ದಿರುತ್ತದೆ ಅಂತ ಹತ್ತಿರದಿಂದ ನೋಡಬೇಕು. ಧೈರ್ಯ ಬರುತ್ತದೆ.

ಪಿಕ್ಸೆಲ್‌ಪುಟ್ಟ:

ಹಿರಿಯರೇ, ಆ ಬಿಳಿ ಬಣ್ಣ ಹಚ್ಚಿ ತಿದ್ದುವುದನ್ನೇ ನಾವು ಅಂಡೂ ಅನ್ನುವುದು, ಒಂದು ಬಟನ್ ಒತ್ತಿದರೆ ಮಾಡಿದ್ದು ಅಳಿಸಿ ಹೋಗುತ್ತದೆ! ಹೋಗಲಿ, ಒಪ್ಪಿಕೊಳ್ಳುತ್ತೇನೆ. ನಿನ್ನೆ ಲೇಯರ್ ಇಲ್ಲದೆ ನಮ್ಮ ಅಪ್ಪನನ್ನು ಬಿಡಿಸಲು ಕೂತೆ. ಐದು ಸಲ ಬಿಡಿಸಿದೆ, ಐದೂ ಸಲ ಬೇರೆ ಬೇರೆ ಜನ ಬಂದರು. ಒಬ್ಬರಂತೂ ನಮ್ಮ ಮನೆ ಓನರ್.

ಐದುನಿಮಿಷ:

ಪುಟ್ಟ, ಅಪ್ಪನನ್ನು ಬಿಡಿಸುವುದು ಎಲ್ಲಕ್ಕಿಂತ ಕಷ್ಟ. ನನಗೂ ಇನ್ನೂ ಬಂದಿಲ್ಲ.

ಗಿಟುಕು ಅವರೇ, ಆ ಹುಬ್ಬು! ಅದನ್ನು ಇಟ್ಟುಕೊಂಡು ಮೂರು ರಾತ್ರಿ ಮೂಗಿನ ಹಿಂದೆ ಬಿದ್ದಿದ್ದೀರಲ್ಲ. ಹುಬ್ಬಿನಿಂದ ಶುರು ಮಾಡಿ. ಮೂಗು ಕೊನೆಗೆ ತಾನೇ ಬರುತ್ತದೆ. ನೆನಪಿನಿಂದಲೇ ಮಾಡಿ, ಫೋಟೋ ಬೇಡ. ನೆನಪು ಬೇಡದ್ದನ್ನೆಲ್ಲ ಆಗಲೇ ಸೋಸಿರುತ್ತದೆ.

ಕೊಬ್ಬರಿಗಿಟುಕು:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಸುಮ್ನೆ ಕೂತಿರಲಿಲ್ಲ.

ಮೊದಲು ರೈಲು. ಲಾಂಗ್ ನೋಟ್‌ಬುಕ್ ಬಿಟ್ಟು ಎ4 ಹಾಳೆ ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡೆ. ಹತ್ತು ರೂಪಾಯಿಯ ಪೆನ್ನು. ಮೊದಲ ವಾರ ಕಾಗೆ ಮತ್ತು ಕೈಗಳು, ಅಷ್ಟೇ. ಕಾಗೆ ನಿಜವಾಗಿಯೂ ವಾಪಸು ಬರುತ್ತದೆ! ಎರಡನೇ ವಾರ ಕತ್ತಿನ ಗೆರೆ. ಒಬ್ಬ ಕಾಲೇಜು ಹುಡುಗ ನೋಡಿಬಿಟ್ಟ. ಹಾಳೆ ತಿರುಗಿಸಿ ತೋರಿಸಿದೆ. ಅಂಕಲ್, ನನ್ನ ಬ್ಯಾಗು ಸೂಪರ್ ಬಂದಿದೆ ಅಂದ. ಮುಖದ ಬಗ್ಗೆ ಏನೂ ಹೇಳಲಿಲ್ಲ. ನಿಟ್ಟೂರಿನ ತನಕ ಅವನೇ ಅಲ್ಲಾಡದೆ ಕೂತ.

ಸಾಹೇಬರದ್ದು ನಾಲ್ಕು ಹೆಜ್ಜೆಯ ಹಾಳೆ ಮಾಡಿದೆ. ಮೂರು ಸಲ ಕೆಟ್ಟಿತು. ತಲೆ ವಾಲಿಸಿದರೆ ಕಣ್ಣಿನ ಗೆರೆಯೂ ವಾಲಬೇಕು ಅಂತ ಹೊಳೆಯಲು ಎರಡು ದಿನ ಬೇಕಾಯಿತು. ಕಣ್ಣು ನೆಟ್ಟಗೆ, ತಲೆ ಸೊಟ್ಟ, ಪಾರ್ಶ್ವವಾಯು ಹೊಡೆದ ಹಾಗೆ ಕಾಣುತ್ತಿತ್ತು, ಬಿಡ್ತು ಅನ್ನಿ. ಮೀಸೆಯನ್ನು ಕೆಳಗೆ ಇಳಿಸಿದ ತಕ್ಷಣ ಮೂಗು ತಾನಾಗಿ ಉದ್ದ ಕಂಡಿತು. ಮೂಗಿನ ಗೆರೆ ಮುಟ್ಟಿಯೇ ಇರಲಿಲ್ಲ! ಹೆಂಡತಿಗೆ ತೋರಿಸಿ ಯಾವುದು ಸಾಹೇಬರು ಅಂತ ಕೇಳಿದೆ. ಮೂರನೆಯದು ಅಂದಳು. ನಾಲ್ಕನೆಯದು ಏನು ಅಂದಿದ್ದಕ್ಕೆ, ಅದು ತೆಂಗಿನಕಾಯಿ ಅಂದಳು.

ನಿನ್ನೆ ಊಟದ ಹೊತ್ತಿನಲ್ಲಿ ಕಚೇರಿ ಕ್ಯಾಂಟೀನಿನಲ್ಲಿ ಕೂತಿದ್ದೆ. ಬಿಲ್ಲಿನ ಹಿಂದೆ ಸುಮ್ನೆ ಹುಬ್ಬಿನಿಂದ ಶುರು ಮಾಡಿದೆ. ಎಡ ಹುಬ್ಬು ಮೇಲೆ, ಬಲದ್ದು ಕೆಳಗೆ. ವಾಲಿದ ತಲೆ. ಮೂಗಿನ ಕೆಳಗೆ ಉದ್ದನೆ ಬಯಲು, ಅದರ ತಳದಲ್ಲಿ ಮೀಸೆ. ಎರಡು ನಿಮಿಷವೂ ಆಗಿರಲಿಲ್ಲ, ಕಣ್ಣಿಗೆ ಬರೀ ಚುಕ್ಕೆ ಇಟ್ಟಿದ್ದೆ. ಟೀ ತಂದ ಹುಡುಗ ಲೋಟ ಇಡುವಾಗ ಬಗ್ಗಿ ನೋಡಿದ.

"ಸಾರ್," ಅಂದ, "ಸಾಹೇಬರಿಗೆ ಕನ್ನಡಕ ಹಾಕೋದು ಮರೆತಿದ್ದೀರಲ್ಲ."